ಕಿವಿಗೆ ಒತ್ತುವ ದಿಂಬನ್ನೂ ಒಮ್ಮೆ ನೋಡೋಣ

ಹೆಡ್‌ಫೋನ್ ಹಾಕಿಕೊಂಡು ಕುಳಿತ ಮಗನನ್ನೋ ಮಗಳನ್ನೋ ಕಂಡರೆ ನಮ್ಮ ಮನೆಗಳಲ್ಲಿ ಹಿರಿಯರು ಮೊದಲು ಕೇಳುವುದು, “ಏನು ಕೇಳುತ್ತಿದ್ದೀ?” ಎಂದು. ಅದು ಕೇಳಬೇಕಾದ ಪ್ರಶ್ನೆಯೇ. ಕಿವಿಯೊಳಗೆ ಹೋಗುವ ಮಾತು ಒಳ್ಳೆಯದೋ ಕೆಟ್ಟದೋ ಎಂದು ವಿಚಾರಿಸುವುದು ತಂದೆತಾಯಿಯರ ಹೊಣೆ. ಆದರೆ ಅದೇ ಹೆಡ್‌ಫೋನನ್ನು ಕೈಗೆ ತೆಗೆದುಕೊಂಡು, ಕಿವಿಗೆ ಒತ್ತುವ ಆ ಎರಡು ಮೆತ್ತನೆಯ ದಿಂಬುಗಳನ್ನು ತಿರುಗಿಸಿ ನೋಡುವವರು ಕಡಿಮೆ. ನೋಡಿದರೆ ಬಹಳಷ್ಟು ಕಡೆ ಕಾಣುವುದು ಒಂದೇ ಸ್ಥಿತಿ: ಕಪ್ಪು ಪದರ ಚಕ್ಕೆ ಚಕ್ಕೆಯಾಗಿ ಎದ್ದಿದೆ, ಒಳಗಿನ ಸ್ಪಂಜು ಚಪ್ಪಟೆಯಾಗಿದೆ, ಹೊಲಿಗೆಯ ಸಂದಿಯಲ್ಲಿ ತಲೆಯೆಣ್ಣೆ ಮತ್ತು ಬೆವರಿನ ಜಿಡ್ಡು ಕುಳಿತಿದೆ.

ಇಯರ್ ಪ್ಯಾಡ್ ಎಂದು ಕರೆಯುವ, ಮೊಬೈಲ್ ಅಂಗಡಿಯಲ್ಲಿ ಕುಶನ್ ಅಥವಾ ಸ್ಪಂಜು ಎಂದು ಕೇಳಿದರೂ ಅರ್ಥವಾಗುವ ಈ ವಸ್ತುವನ್ನು ನಾವು ಬರಿಯ ಮೆತ್ತೆಯೆಂದು ತಿಳಿದಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಹೆಡ್‌ಫೋನಿನ ಭಾಗಗಳಲ್ಲಿ ನಮ್ಮ ಆರೋಗ್ಯಕ್ಕೆ ಅತಿ ಹತ್ತಿರವಾದದ್ದು ಇದೇ. ಧ್ವನಿ ಹೇಗೆ ಕೇಳಿಸುತ್ತದೆ, ಎಷ್ಟು ಹೊತ್ತು ನೋವಿಲ್ಲದೆ ಕೇಳಬಹುದು, ಎಲ್ಲಕ್ಕಿಂತ ಮುಖ್ಯವಾಗಿ ವಾಲ್ಯೂಮ್ ಎಲ್ಲಿಯವರೆಗೆ ಏರುತ್ತದೆ ಎಂಬುದರಲ್ಲಿ ಈ ದಿಂಬಿನ ಪಾಲು ದೊಡ್ಡದು. ಸೋರುವ ಪ್ಯಾಡನ್ನು ಹಾಗೆಯೇ ಬಿಟ್ಟು “ವಾಲ್ಯೂಮ್ ಕಡಿಮೆ ಮಾಡು” ಎಂದು ಮಕ್ಕಳನ್ನು ಗದರಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ.

ದಿಂಬು ಧ್ವನಿಯನ್ನು ಹೇಗೆ ಬದಲಿಸುತ್ತದೆ?

ಹೆಡ್‌ಫೋನಿನ ಪ್ರತಿ ಬಟ್ಟಲಿನಲ್ಲಿ ಡ್ರೈವರ್ ಎಂಬ ಪುಟ್ಟ ಸ್ಪೀಕರ್ ಇರುತ್ತದೆ. ಅದರ ತೆಳುವಾದ ಪರದೆ ಹಿಂದೆ ಮುಂದೆ ಅಲುಗಿ ಗಾಳಿಯನ್ನು ಒತ್ತುತ್ತದೆ. ಪ್ಯಾಡ್ ಕಿವಿಯ ಸುತ್ತ ತಲೆಗೆ ಅಂಟಿ ಕುಳಿತಾಗ ಡ್ರೈವರ್ ಮತ್ತು ಕಿವಿಯ ನಡುವೆ ಮುಚ್ಚಿದ ಒಂದು ಪುಟ್ಟ ಕೋಣೆ ನಿರ್ಮಾಣವಾಗುತ್ತದೆ. ಗಡುಸಾದ, ತುಂಬಿದ ಮಂದ್ರ ಸ್ವರಗಳು, ಅಂದರೆ ಬೇಸ್, ಈ ಕೋಣೆಯೊಳಗಿನ ಗಾಳಿಯ ಒತ್ತಡವನ್ನೇ ನೆಚ್ಚಿಕೊಂಡಿವೆ. ಪ್ಯಾಡಿನಲ್ಲಿ ಬಿರುಕಿದ್ದರೆ ಅಥವಾ ಅದು ತಲೆಗೆ ಸರಿಯಾಗಿ ಕೂರದಿದ್ದರೆ, ಸೈಕಲ್ ಪಂಪಿನ ನಳಿಕೆ ವಾಲ್ವಿಗೆ ಬಿಗಿಯಾಗಿ ಕೂರದಾಗ ಗಾಳಿ ಪಕ್ಕದಿಂದ ಸೋರಿಹೋಗುವಂತೆ, ಆ ಒತ್ತಡ ಸೋರಿಹೋಗುತ್ತದೆ. ಆಗ ಮಂದ್ರ ಸ್ವರಗಳ ಮಟ್ಟ 10 ಡೆಸಿಬಲ್‌ನಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಇಳಿಯಬಹುದು. ಎತ್ತರದ ಸ್ವರಗಳಿಗೆ ಅಷ್ಟು ಪೆಟ್ಟು ಬೀಳುವುದಿಲ್ಲ. ಹೀಗಾಗಿ ಹಳೆಯ ಪ್ಯಾಡಿನ ಹೆಡ್‌ಫೋನಿನಲ್ಲಿ ಧ್ವನಿ ತೆಳ್ಳಗೆ, ಕಿರಿಚಿದಂತೆ, ತಗಡಿನ ಡಬ್ಬದೊಳಗಿಂದ ಬಂದಂತೆ ಕೇಳಿಸುತ್ತದೆ.

ಕೇಳುವವರು ಆಗ ಮಾಡುವುದೇನು? ಕಳೆದುಹೋದ ತುಂಬುದನಿಯನ್ನು ಹುಡುಕುತ್ತ ವಾಲ್ಯೂಮ್ ಏರಿಸುತ್ತಾರೆ. ವಾಲ್ಯೂಮ್ ಏರಿದಾಗ ಬೇಸ್ ಮಾತ್ರ ಏರುವುದಿಲ್ಲ. ಮೊದಲೇ ಸಾಕಷ್ಟಿದ್ದ ಎತ್ತರದ ಸ್ವರಗಳೂ ಅಷ್ಟೇ ಏರಿ ಕಿವಿಗೆ ಹೊಡೆಯುತ್ತವೆ.

ಅದೇ ಸಂದಿನಿಂದ ಹೊರಗಿನ ಗದ್ದಲವೂ ಒಳಗೆ ಬರುತ್ತದೆ. ಸರಿಯಾಗಿ ಕುಳಿತ, ಮುಚ್ಚಿದ ಬಗೆಯ ಪ್ಯಾಡು ಬಸ್ಸಿನ, ಮಿಕ್ಸಿಯ, ಪಕ್ಕದ ಮೇಜಿನವರ ಮಾತಿನ ಎತ್ತರದ ಸ್ವರಗಳನ್ನು ಸಾಕಷ್ಟು ತಡೆಯುತ್ತದೆ. ಆ ತಡೆ ಹೋದರೆ ಗದ್ದಲವನ್ನು ಮೀರಿಸಲು ಮತ್ತೆ ವಾಲ್ಯೂಮನ್ನೇ ಏರಿಸಬೇಕು. ಗದ್ದಲ ತಗ್ಗಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಅಂದರೆ ನಾಯ್ಸ್ ಕ್ಯಾನ್ಸಲೇಶನ್ ಇದ್ದರೆ ಸಾಕಲ್ಲ ಎನ್ನುವವರಿದ್ದಾರೆ. ಅದು ಚೆನ್ನಾಗಿ ಕೆಲಸ ಮಾಡುವುದು ಎಂಜಿನಿನ ಗುಂಯ್‌ಗುಡುವಿಕೆಯಂಥ ಮಂದ್ರ ಗದ್ದಲದ ಮೇಲೆ. ಉಳಿದ ಗದ್ದಲವನ್ನು ತಡೆಯಬೇಕಾದದ್ದು ಪ್ಯಾಡೇ. ಪ್ಯಾಡ್ ಸೋರಿದರೆ ಆ ದುಬಾರಿ ವ್ಯವಸ್ಥೆಯ ಕೆಲಸವೂ ಕೆಡುತ್ತದೆ.

ಮೂರನೆಯದು ಅಂತರ. ದಿಂಬಿನ ದಪ್ಪ ಎಷ್ಟಿದೆಯೋ ಡ್ರೈವರ್ ಕಿವಿಯಿಂದ ಅಷ್ಟು ದೂರ. ಸ್ಪಂಜು ಚಪ್ಪಟೆಯಾದಂತೆ ಡ್ರೈವರ್ ಕಿವಿಗೆ ಹತ್ತಿರ ಬರುತ್ತದೆ, ನಡುವಿನ ಕೋಣೆ ಕಿರಿದಾಗುತ್ತದೆ, ಸ್ವರಗಳ ಸಮತೋಲ ಬದಲಾಗುತ್ತದೆ. ಒಂದು ಬದಿಯ ಪ್ಯಾಡ್ ಮಾತ್ರ ಕೆಟ್ಟಿದ್ದರೆ ಎರಡು ಕಿವಿಗಳಿಗೆ ಎರಡು ಬಗೆಯ ಧ್ವನಿ ಬೀಳುತ್ತದೆ. “ಹೆಡ್‌ಫೋನ್ ಹಾಳಾಯಿತು” ಎಂದು ನಾವು ಮೂಲೆಗೆಸೆಯುವ ಎಷ್ಟೋ ಹೆಡ್‌ಫೋನುಗಳಲ್ಲಿ ಡ್ರೈವರ್ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ದಿಂಬು.

ಇದು ಸಂಗೀತದ ಹುಚ್ಚಿನವರ ಅತಿ ಸೂಕ್ಷ್ಮವೆಂದು ಯಾರಾದರೂ ನಗಬಹುದು. ಆದರೆ ಆಸ್ಪತ್ರೆಯಲ್ಲಿ ಕಿವಿಯ ಕೇಳ್ಮೆ ಅಳೆಯುವ ಆಡಿಯೋಮೀಟರ್ ಯಂತ್ರವನ್ನು ನೋಡಿ. ಅದರ ಹೆಡ್‌ಫೋನಿಗೆ ಯಾವ ಮಾದರಿಯ ಕುಶನ್ ಇರಬೇಕೆಂಬುದೂ ಗೊತ್ತುಪಡಿಸಿದ ವಿಷಯ. ಆ ಕುಶನ್ ಸಮೇತವೇ ಯಂತ್ರದ ಅಳತೆಯನ್ನು ಹೊಂದಿಸುತ್ತಾರೆ. ಬೇರೆ ಕುಶನ್ ಹಾಕಿದರೆ ಅಳತೆಯನ್ನು ನಂಬುವಂತಿಲ್ಲ. ವೈದ್ಯಕೀಯ ಪರೀಕ್ಷೆಯಲ್ಲಿ ಇಷ್ಟು ಮಹತ್ವವುಳ್ಳ ವಸ್ತು ನಮ್ಮ ಮನೆಯಲ್ಲಿ ಲೆಕ್ಕಕ್ಕೇ ಇಲ್ಲದಿರುವುದು ಸರಿಯೇ?

ಡೆಸಿಬಲ್ ಲೆಕ್ಕ ನಾವಂದುಕೊಂಡಂತಿಲ್ಲ

ವಾಲ್ಯೂಮ್ ಎರಡು ಗೆರೆ ಹೆಚ್ಚಾದರೆ ಏನಾಯಿತು ಎಂಬ ಉದಾಸೀನಕ್ಕೆ ಉತ್ತರ ಡೆಸಿಬಲ್ ಲೆಕ್ಕದಲ್ಲಿದೆ. ಈ ಲೆಕ್ಕದಲ್ಲಿ ಪ್ರತಿ 3 ಡೆಸಿಬಲ್ ಏರಿಕೆಗೆ ಧ್ವನಿಯ ಶಕ್ತಿ ಇಮ್ಮಡಿಯಾಗುತ್ತದೆ. ಸುರಕ್ಷಿತವಾಗಿ ಕೇಳಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬಲ್. ವಯಸ್ಕರ ಲೆಕ್ಕವನ್ನೇ ಮುಂದುವರಿಸಿದರೆ 83 ಡೆಸಿಬಲ್‌ನಲ್ಲಿ ವಾರಕ್ಕೆ 20 ಗಂಟೆ, 90ರಲ್ಲಿ ಕೇವಲ 4 ಗಂಟೆ, 100ರಲ್ಲಿ ವಾರವಿಡೀ ಸೇರಿ ಅರ್ಧ ಗಂಟೆಯೂ ಇಲ್ಲ. ಸೋರುವ ಪ್ಯಾಡಿನ ಕಾರಣ 10 ಡೆಸಿಬಲ್ ಏರಿಸಿಕೊಂಡವನು ತನ್ನ ಸಮಯದ ಹತ್ತರಲ್ಲಿ ಒಂಬತ್ತು ಪಾಲನ್ನು ಕಳೆದುಕೊಂಡಂತಾಯಿತು. 12ರಿಂದ 35 ವರ್ಷದೊಳಗಿನ ನೂರು ಕೋಟಿಗೂ ಹೆಚ್ಚು ಮಂದಿ ಅಸುರಕ್ಷಿತವಾಗಿ ಕೇಳುವುದರಿಂದ ಕಿವಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆಂದು ಅದೇ ಸಂಸ್ಥೆ ಎಚ್ಚರಿಸಿದೆ.

ಒಳಕಿವಿಯಲ್ಲಿ ಶಂಖದ ಆಕಾರದ ಕಾಕ್ಲಿಯಾ ಎಂಬ ಭಾಗವಿದೆ. ಅದರೊಳಗೆ ಪ್ರತಿ ಕಿವಿಗೆ ಸುಮಾರು 15 ಸಾವಿರ ಕೇಶಕೋಶಗಳು. ಧ್ವನಿಯನ್ನು ನರಕ್ಕೆ ದಾಟಿಸುವ ವ್ಯವಸ್ಥೆ ಅವುಗಳದ್ದು. ಸತ್ತ ಕೇಶಕೋಶ ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ. ಗದ್ದಲದ ಪೆಟ್ಟು ಸಾಮಾನ್ಯವಾಗಿ ಮೊದಲು ಬೀಳುವುದು 3,000ರಿಂದ 6,000 ಹರ್ಟ್ಸ್ ನಡುವಿನ ಎತ್ತರದ ಸ್ವರಗಳ ಭಾಗಕ್ಕೆ, ವಿಶೇಷವಾಗಿ 4,000 ಹರ್ಟ್ಸ್ ಸುತ್ತಮುತ್ತ. ಆರಂಭದಲ್ಲಿ ಏನೂ ತಿಳಿಯುವುದಿಲ್ಲ. ಮಾತು ಕೇಳಿಸುತ್ತದೆ, ಆದರೆ ಬಿಡಿಸಿ ತಿಳಿಯುವುದಿಲ್ಲ. ಮದುವೆ ಮನೆಯ ಗಲಾಟೆಯಲ್ಲಿ ಎದುರಿನವರ ಮಾತು ಅರ್ಥವಾಗದೆ ತಲೆಯಾಡಿಸುವ ಸ್ಥಿತಿ ಹಾಗೆಯೇ ಆರಂಭವಾಗುತ್ತದೆ.

ನಮ್ಮ ಮನೆಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. ಇಂದು ಎಷ್ಟೋ ಮಕ್ಕಳು ಉಸ್ತಾದರ ತಜ್‌ವೀದ್ ಪಾಠವನ್ನು ಆನ್‌ಲೈನ್‌ನಲ್ಲಿ ಕಲಿಯುತ್ತಾರೆ. ಹಿಫ್ಝ್ ಮಾಡುವವರು ಕಾರಿಗಳ ಪಾರಾಯಣವನ್ನು ಗಂಟೆಗಟ್ಟಲೆ ಹೆಡ್‌ಫೋನಿನಲ್ಲಿ ಕೇಳುತ್ತಾರೆ. ಸೀನ್, ಥಾ, ಫಾ ಮುಂತಾದ ಉಸಿರೂದುವ ಅಕ್ಷರಗಳ ನಡುವಿನ ವ್ಯತ್ಯಾಸ ಅಡಗಿರುವುದು ಬಹುಪಾಲು ಎತ್ತರದ ಸ್ವರಗಳಲ್ಲಿ. ಅಕ್ಷರವನ್ನು ಅಕ್ಷರದಿಂದ ಬೇರ್ಪಡಿಸುವ ಆ ಶಕ್ತಿಯೇ ಅತಿಯಾದ ವಾಲ್ಯೂಮಿಗೆ ಮೊದಲು ಬಲಿಯಾಗುವುದು. ಪಾರಾಯಣವೇ ಆಗಲಿ, ಪಾಠವೇ ಆಗಲಿ, ಅತಿಯಾದ ಧ್ವನಿಯಲ್ಲಿ ಕೇಳಿದರೆ ಕೇಶಕೋಶ ರಿಯಾಯಿತಿ ತೋರುವುದಿಲ್ಲ. ಕೇಳುವ ವಿಷಯ ಒಳ್ಳೆಯದು ಎಂಬ ಒಂದೇ ಕಾರಣಕ್ಕೆ ತಂದೆತಾಯಿ ನಿಶ್ಚಿಂತರಾಗಬಾರದು.

ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ದೊಡ್ಡವರ ಹೆಡ್‌ಫೋನ್ ಮಗುವಿನ ಸಣ್ಣ ತಲೆಗೆ ಸರಿಯಾಗಿ ಕೂರುವುದಿಲ್ಲ. ಕಿವಿಯ ಕೆಳಗೆ, ದವಡೆಯ ಬಳಿ ಸಂದು ಉಳಿಯುತ್ತದೆ. ಧ್ವನಿ ಸೋರುತ್ತಿದೆಯೆಂದು ಹೇಳಲು ಮಗುವಿಗೆ ತಿಳಿಯದು; ವಾಲ್ಯೂಮ್ ಗುಂಡಿ ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು.

ಉಡುಪು, ವುಝೂ, ಅತ್ತರ್

ಹೆಡ್‌ಫೋನ್ ತಯಾರಿಸುವವರು ಬರಿತಲೆಯನ್ನು ಕಲ್ಪಿಸಿಕೊಂಡೇ ಪ್ಯಾಡ್ ರೂಪಿಸುತ್ತಾರೆಂದು ಕಾಣುತ್ತದೆ. ಹಿಜಾಬ್ ಧರಿಸುವ ಹೆಣ್ಣುಮಕ್ಕಳ ತೊಂದರೆಯ ಬಗ್ಗೆ ಮಾತಾಡುವವರೇ ಇಲ್ಲ. ಸ್ಕಾರ್ಫಿನ ಮೇಲೆ ಹೆಡ್‌ಫೋನ್ ಇಟ್ಟಾಗ ಒಂದೇ ಪದರದ ತೆಳುಬಟ್ಟೆ ಧ್ವನಿಯನ್ನು ಹೆಚ್ಚು ತಡೆಯುವುದಿಲ್ಲ. ತೊಂದರೆ ಕೊಡುವುದು ಮಡಿಕೆಗಳು. ಪ್ಯಾಡಿನ ಅಂಚಿನಡಿ ಸಿಕ್ಕ ಪ್ರತಿ ಮಡಿಕೆಯೂ ಗಾಳಿ ಸೋರುವ ಒಂದು ಸಣ್ಣ ಸುರಂಗ. ದಪ್ಪ ಹೊಲಿಗೆ ಅಥವಾ ಪಿನ್ ಕಿವಿಯ ಮೇಲೆ ಬಂದರೆ ಒಂದೇ ಗಂಟೆಯಲ್ಲಿ ನೋವು ಶುರುವಾಗುತ್ತದೆ. ಕಾಲ್ ಸೆಂಟರಿನಲ್ಲೋ ಮನೆಯಿಂದಲೋ ದಿನಕ್ಕೆ ಎಂಟು ಗಂಟೆ ಹೆಡ್‌ಸೆಟ್ ಹಾಕಿ ದುಡಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದು ದಿನನಿತ್ಯದ ಹಿಂಸೆ.

ಪರಿಹಾರ ಕಷ್ಟದ್ದೇನಲ್ಲ. ಕಿವಿಯ ಭಾಗದಲ್ಲಿ ನಯವಾದ ಹತ್ತಿ ಅಥವಾ ಜೆರ್ಸಿ ಬಟ್ಟೆಯ ಒಂದೇ ಪದರವಿರಲಿ, ಮಡಿಕೆ ಮತ್ತು ಪಿನ್ ಕಿವಿಯಿಂದ ಹಿಂದಕ್ಕೆ ಸರಿಯಲಿ. ಕಿವಿಯ ಮೇಲೆ ಕೂರುವ ಸಣ್ಣ ಪ್ಯಾಡಿಗಿಂತ ಕಿವಿಯನ್ನು ಪೂರ್ತಿ ಸುತ್ತುವರಿಯುವ ಅಗಲ ಪ್ಯಾಡ್ ಮೇಲು. ಮನೆಯಲ್ಲೇ ಕೆಲಸವಿದ್ದರೆ, ಸಾಧ್ಯವಾದಾಗ ಹೆಡ್‌ಫೋನನ್ನು ಸ್ಕಾರ್ಫಿನ ಒಳಗೆ ಹಾಕಿಕೊಳ್ಳಬಹುದು.

ಗಂಡಸರಿಗೂ ಇದೇ ಮಾತು. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದು ಸಂದು ಮಾಡುತ್ತದೆ, ಜೊತೆಗೆ ಕಡ್ಡಿಯೇ ಕಿವಿಯ ಬುಡಕ್ಕೆ ಒತ್ತುತ್ತದೆ. ಟೋಪಿಯ ಅಂಚು, ದಪ್ಪ ಗಡ್ಡ ಕೂಡ ಸ್ವಲ್ಪ ಸಂದು ಬಿಡುತ್ತವೆ. ಇಂಥವರಿಗೆ ನಿಧಾನವಾಗಿ ಒಳಗಿಳಿದು ಆಕಾರ ತಾಳುವ ಮೆಮೊರಿ ಫೋಮ್ ಪ್ಯಾಡ್ ಉತ್ತಮ. 1966ರಲ್ಲಿ ಅಮೆರಿಕದ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ವಿಮಾನದ ಆಸನಗಳಿಗೆಂದು ರೂಪುಗೊಂಡ ಈ ಸ್ಪಂಜು ಮೈಯ ಬಿಸಿಗೆ ಮೆತ್ತಗಾಗಿ ಕನ್ನಡಕದ ಕಡ್ಡಿಯ ಸುತ್ತಲೂ ಕೂರುತ್ತದೆ.

ಇನ್ನು ವುಝೂ. ಒದ್ದೆ ಬೆರಳಿನಿಂದ ಕಿವಿಗಳ ಒಳಮೈ, ಹೊರಮೈ ಸವರುತ್ತೇವೆ. ಅದು ಅಲ್ಪವೇ ನೀರು, ಅದರಿಂದ ಕಿವಿಗೆ ಕೇಡಿಲ್ಲ. ಆದರೆ ನಮಾಝ್ ಮುಗಿಸಿದ ಕೂಡಲೇ ಒದ್ದೆ ಕಿವಿ, ಒದ್ದೆ ಕೂದಲಿನ ಮೇಲೆ ಗಾಳಿಯಾಡದ ಪ್ಯಾಡ್ ಮುಚ್ಚಿದರೆ ತೇವ ಅಲ್ಲೇ ಬಂಧಿಯಾಗುತ್ತದೆ. ಕರಾವಳಿಯಂಥ ಸೆಕೆಯ ಊರಿನಲ್ಲಿ ಬೆವರೂ ಸೇರಿ ಕಿವಿಯ ಸುತ್ತ ಬಿಸಿ, ತೇವ ತುಂಬಿಕೊಳ್ಳುತ್ತದೆ. ಕಿವಿನಾಳದಲ್ಲಿ ಶಿಲೀಂಧ್ರ ಬೆಳೆದು ತುರಿಕೆ, ನೋವು, ಕಿವಿ ಮುಚ್ಚಿದಂತಾಗುವ ತೊಂದರೆ ಇಂಥ ಹವೆಯಲ್ಲೇ ಹೆಚ್ಚು. ಕಿವಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಐದು ನಿಮಿಷ ಗಾಳಿಯಾಡಲು ಬಿಟ್ಟು ಹೆಡ್‌ಫೋನ್ ಹಾಕಿದರೆ ಸಾಕು.

ಅತ್ತರನ್ನು ಕಿವಿಯ ಹಿಂದೆ ಹಚ್ಚುವುದು, ಹತ್ತಿಯಲ್ಲಿ ಅದ್ದಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವುದು ಹಿಂದಿನಿಂದ ಬಂದ ರೂಢಿ. ಸುಗಂಧದ ರಾಸಾಯನಿಕಗಳು ಚರ್ಮದ ಅಲರ್ಜಿಗೆ ಸಾಮಾನ್ಯ ಕಾರಣಗಳಲ್ಲೊಂದು. ಅದರ ಮೇಲೆ ಪ್ಯಾಡ್ ಒತ್ತಿ ಕುಳಿತು ಬೆವರಿದರೆ ಚರ್ಮ ಕೆಂಪಾಗಿ ತುರಿಸುವ ಸಂಭವ ಹೆಚ್ಚು. ಅತ್ತರಿನ ಎಣ್ಣೆಯಂತೆ ತಲೆಗೆ ಹಚ್ಚಿದ ತೆಂಗಿನೆಣ್ಣೆಯೂ ಪ್ಯಾಡಿನ ಪದರಕ್ಕೆ ಇಳಿದು ಅದನ್ನು ಕೆಡಿಸುತ್ತದೆ. ಹೆಡ್‌ಫೋನ್ ಹಾಕುವ ದಿನ ಅತ್ತರನ್ನು ಬಟ್ಟೆಗೋ ಮಣಿಕಟ್ಟಿಗೋ ಹಚ್ಚಿದರೆ ಸುವಾಸನೆಯೂ ಉಳಿಯುತ್ತದೆ, ಕಿವಿಯೂ ಉಳಿಯುತ್ತದೆ.

ಯಾವ ದಿಂಬು ಯಾರಿಗೆ?

ಅಂಗಡಿಯಲ್ಲಿ ‘ಲೆದರ್’ ಎಂದು ಮಾರುವ ಬಹುತೇಕ ಪ್ಯಾಡುಗಳು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಪದರದವು. ಇವು ಗಾಳಿ ಬಿಡುವುದಿಲ್ಲವಾದ್ದರಿಂದ ಬೇಸ್ ಚೆನ್ನಾಗಿರುತ್ತದೆ, ಗದ್ದಲವೂ ಹೊರಗೇ ಉಳಿಯುತ್ತದೆ. ಆದರೆ ಬೆವರು ಹೆಚ್ಚು. ಸೆಕೆ ಮತ್ತು ತೇವ ಈ ಪ್ಲಾಸ್ಟಿಕ್ಕಿನ ಶತ್ರುಗಳು. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಕಾಲಕ್ರಮೇಣ ಪುಡಿಯಾಗುತ್ತದೆ. ಮಖಮಲ್ಲಿನಂಥ ಬಟ್ಟೆಯ ಪ್ಯಾಡ್ ತಂಪು, ಹಿತಕರ. ಗಾಳಿ ಹಾಯುವುದರಿಂದ ಬೇಸ್ ಸ್ವಲ್ಪ ಕಡಿಮೆ, ಹೊರಗದ್ದಲ ಹೆಚ್ಚು. ಸಣ್ಣ ರಂಧ್ರಗಳಿರುವ ಲೆದರ್ ಪ್ಯಾಡ್ ಇವೆರಡರ ನಡುವಿನದು.

ನನ್ನ ಸಲಹೆ ಹೀಗಿದೆ: ಸದ್ದಿಲ್ಲದ ಕೋಣೆಯಲ್ಲಿ ಓದುವವರಿಗೆ, ಪಾರಾಯಣ ಕೇಳುವವರಿಗೆ ಬಟ್ಟೆಯ ಪ್ಯಾಡ್. ಬಸ್ಸು, ಕಚೇರಿ, ಗದ್ದಲದ ಮನೆಗೆ ಮುಚ್ಚಿದ ಲೆದರ್ ಪ್ಯಾಡ್, ಆದರೆ ಗಂಟೆಗೊಮ್ಮೆ ಹತ್ತು ನಿಮಿಷ ತೆಗೆದಿಡುವ ಶಿಸ್ತಿನೊಂದಿಗೆ.

ಪ್ಯಾಡಿನ ಒಳಗಿನ ಕುಳಿ ಇಡೀ ಕಿವಿ ಹಿಡಿಸುವಷ್ಟು ಅಗಲ ಮತ್ತು ಆಳ ಇರಬೇಕು. ಹೊರಕಿವಿ ಎಂದರೆ ತೆಳುಚರ್ಮ ಹೊದ್ದ ಮೃದ್ವಸ್ಥಿ. ಅದನ್ನು ಗಂಟೆಗಟ್ಟಲೆ ಅದುಮಿದರೆ ನೋವಾಗುವುದು ಸಹಜ. ಸ್ಪಂಜು ಚಪ್ಪಟೆಯಾದ ಹೆಡ್‌ಫೋನಿನಲ್ಲಿ ಕಿವಿಯ ಅಂಚು ಒಳಗಿನ ಗಟ್ಟಿ ಜಾಲರಿಗೆ ತಾಗುತ್ತಿರುತ್ತದೆ. ಎಷ್ಟೋ ಮಂದಿ ಹೇಳುವ ಹೆಡ್‌ಫೋನ್ ತಲೆನೋವಿನ ಹಿಂದೆ ಈ ಒತ್ತಡವಿರಬಹುದು. ಹೊಸ ಪ್ಯಾಡ್ ಕೊಳ್ಳುವಾಗ ನಮ್ಮ ಹೆಡ್‌ಫೋನಿನ ಮಾದರಿಯ ಹೆಸರು ಹೇಳಿ, ಅದೇ ಅಳತೆಯದನ್ನು ಕೇಳಿ. ಹೆಚ್ಚು ದಪ್ಪದ್ದು ಹೆಚ್ಚು ಒಳ್ಳೆಯದೆಂಬ ಲೆಕ್ಕ ಇಲ್ಲಿಲ್ಲ. ಅಂತರ ಬದಲಾದರೆ ಧ್ವನಿಯೂ ಬದಲಾಗುತ್ತದೆ.

ಹತ್ತು ಕಿವಿಗೆ ಒಂದೇ ದಿಂಬು

ಶುಚಿತ್ವಕ್ಕೆ ಈಮಾನಿನೊಂದಿಗೆ ನಂಟು ಬೆಸೆದ ಪ್ರವಾದಿ(ಸ)ರ ಸಮುದಾಯ ನಾವು. ಇನ್ನೊಬ್ಬರ ಟವೆಲು, ಬಾಚಣಿಗೆ ಮುಟ್ಟಲು ಹಿಂಜರಿಯುತ್ತೇವೆ. ಆದರೆ ಕಂಪ್ಯೂಟರ್ ಲ್ಯಾಬಿನ ಹೆಡ್‌ಫೋನ್ ಬೆಳಗಿನಿಂದ ಸಂಜೆಯವರೆಗೆ ಹತ್ತು ಮಕ್ಕಳ ಕಿವಿಗೆ ಹೋಗಿ ಬರುವಾಗ ಯಾರಿಗೂ ಏನೂ ಅನ್ನಿಸುವುದಿಲ್ಲ. ಬೆವರು, ಎಣ್ಣೆ, ಚರ್ಮದ ಹೊಟ್ಟು ಸೇರಿದ ಬಿರುಕುಬಿಟ್ಟ ಸ್ಪಂಜನ್ನು ಒರೆಸಿ ಶುಚಿಗೊಳಿಸಲು ಬರುವುದೂ ಇಲ್ಲ, ಏಕೆಂದರೆ ಕೊಳೆ ಒಳಗೆ ಇಳಿದಿರುತ್ತದೆ. ಕಿವಿ ಸೋರುವ ಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥ ಮಗುವಿನ ಕೀವು ತಾಗಿದ ಪ್ಯಾಡ್ ಮುಂದಿನ ಮಗುವಿನ ಕಿವಿಗೆ ಹೋಗಬಾರದು. ಆ ಮಗುವಿನ ಕಿವಿಯನ್ನೂ ಪ್ಯಾಡಿನಿಂದ ಮುಚ್ಚಬಾರದು, ಇ.ಎನ್.ಟಿ. ವೈದ್ಯರಿಗೆ ತೋರಿಸಬೇಕು.

ಕಾರ್ಖಾನೆಯ ಕಾರ್ಮಿಕರು ಗದ್ದಲದಿಂದ ರಕ್ಷಣೆಗೆ ಹಾಕುವ ಇಯರ್ ಮಫ್‌ಗಳಿಗೆ ಬದಲಿ ಕುಶನ್‌ಗಳನ್ನು ಪ್ರತ್ಯೇಕವಾಗಿ ಮಾರುತ್ತಾರೆ. ಸದಾ ಬಳಸುವವರು ವರ್ಷಕ್ಕೆ ಎರಡು ಸಲವಾದರೂ ಅವನ್ನು ಬದಲಿಸಬೇಕೆಂಬುದು ತಯಾರಕರ ಸಾಮಾನ್ಯ ಸೂಚನೆ. ದಿನಕ್ಕೆ ಎಂಟು ಗಂಟೆ ಹೆಡ್‌ಸೆಟ್ ಹಾಕುವ ಕಚೇರಿ ನೌಕರರ ಕಿವಿ ಇದಕ್ಕಿಂತ ಅಗ್ಗವೇ? ಪ್ರತಿ ನೌಕರರಿಗೆ ತಮ್ಮದೇ ಹೆಡ್‌ಸೆಟ್, ಸಾಧ್ಯವಿಲ್ಲದಿದ್ದರೆ ತಮ್ಮದೇ ಒಂದು ಜೊತೆ ಪ್ಯಾಡ್ ಅಥವಾ ಬಟ್ಟೆಯ ಹೊದಿಕೆ, ಆರು ತಿಂಗಳಿಗೊಮ್ಮೆ ಬದಲಾವಣೆ: ಇದನ್ನು ಕೇಳಿ ಪಡೆಯುವುದು ಸೌಕರ್ಯದ ಬೇಡಿಕೆಯಲ್ಲ, ಆರೋಗ್ಯದ ಹಕ್ಕು.

ಕೆಲವು ಆಕ್ಷೇಪಗಳು

“ಇಷ್ಟೆಲ್ಲ ರಗಳೆ ಏಕೆ, ಹೆಡ್‌ಫೋನನ್ನೇ ಬಿಟ್ಟರಾಯಿತಲ್ಲ” ಎಂದು ಹಿರಿಯರು ಹೇಳಬಹುದು. ಬಿಡಬಹುದಾದ ಕಡೆ ಬಿಡುವುದೇ ಒಳ್ಳೆಯದು. ಆದರೆ ಕೆಲಸ, ಪಾಠ, ಸಂದರ್ಶನ, ದೂರದ ಊರಿನಲ್ಲಿ ದುಡಿಯುವ ಮನೆಯವರೊಡನೆ ಮಾತು, ಎಲ್ಲವೂ ಇದರ ಮೂಲಕವೇ ನಡೆಯುವ ಕಾಲದಲ್ಲಿ ಬಿಡಿ ಎಂಬ ಒಂದೇ ಮಾತು ಯಾರ ಕಿವಿಯನ್ನೂ ಕಾಪಾಡಿಲ್ಲ.

“ಒಳ್ಳೆಯ ಪ್ಯಾಡ್ ಹಾಕಿಕೊಟ್ಟರೆ ಮಕ್ಕಳು ಇನ್ನಷ್ಟು ಹೊತ್ತು ಕೇಳುತ್ತಾರೆ” ಎಂಬ ಆಕ್ಷೇಪದಲ್ಲಿ ತಿರುಳಿದೆ. ನೋವು ಒಂದು ರೀತಿಯಲ್ಲಿ ಎಚ್ಚರಿಕೆಯ ಗಂಟೆ. ಮೆತ್ತನೆಯ ದಿಂಬು ಆ ಗಂಟೆಯನ್ನು ನಿಲ್ಲಿಸುತ್ತದೆ. ಆದ್ದರಿಂದ ಪ್ಯಾಡ್ ಬದಲಿಸಿದ ದಿನವೇ ವಾಲ್ಯೂಮನ್ನು ಇಳಿಸಬೇಕು, ಸಮಯದ ಮಿತಿಯನ್ನೂ ಹಾಕಬೇಕು. ಗರಿಷ್ಠ ಮಟ್ಟದ ಶೇಕಡಾ 60 ದಾಟದಿರಲಿ ಎಂಬುದು ತಜ್ಞರು ಹೇಳುವ ಸುಲಭ ಅಳತೆ. ಪ್ಯಾಡ್ ಸರಿಯಿದ್ದರೆ ಇದನ್ನು ಪಾಲಿಸುವುದು ಸಾಧ್ಯ. ಸೋರುತ್ತಿದ್ದರೆ ಉಪದೇಶ ಮಾಡಿದ್ದಷ್ಟೇ ಲಾಭ.

ಇನ್ನೊಂದು ಎಚ್ಚರಿಕೆಯನ್ನು ನಾನೇ ಸೇರಿಸುತ್ತೇನೆ. ಗದ್ದಲವನ್ನು ಚೆನ್ನಾಗಿ ತಡೆಯುವ ಪ್ಯಾಡ್ ವಾಹನದ ಹಾರ್ನನ್ನೂ ತಡೆಯುತ್ತದೆ. ರಸ್ತೆ ದಾಟುವಾಗ, ರೈಲು ಹಳಿಯ ಬಳಿ, ಸ್ಕೂಟರಿನ ಮೇಲೆ ಹೆಡ್‌ಫೋನ್ ಕುತ್ತಿಗೆಗೂ ಬೇಡ, ಚೀಲದಲ್ಲಿರಲಿ. ಎಳೆಗೂಸು ಮಲಗಿರುವ ಮನೆಯಲ್ಲಿ ತಾಯಿಯ ಒಂದು ಕಿವಿಯಾದರೂ ತೆರೆದಿರಲಿ.

ಇವತ್ತೇ ಮಾಡಬಹುದಾದದ್ದು

ಮನೆಯ ಹೆಡ್‌ಫೋನ್ ಹಾಕಿಕೊಂಡು, ಗಡುಸು ಕಂಠದ ಒಂದು ಪಾರಾಯಣವನ್ನೋ ಭಾಷಣವನ್ನೋ ಕಡಿಮೆ ವಾಲ್ಯೂಮಿನಲ್ಲಿ ಕೇಳಿ. ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ತಲೆಗೆ ಒತ್ತಿ. ಒತ್ತಿದ ಕ್ಷಣವೇ ಧ್ವನಿ ತುಂಬಿಕೊಂಡು ಗಂಭೀರವಾದರೆ ಪ್ಯಾಡ್ ಸೋರುತ್ತಿದೆ ಎಂದರ್ಥ. ಬೆರಳಿನಿಂದ ಸ್ಪಂಜನ್ನು ಅದುಮಿ; ಅದು ಮೇಲೇಳದಿದ್ದರೆ ಅದರ ಕಾಲ ಮುಗಿಯಿತು. ಕಿವಿಯ ಸುತ್ತ ಕಪ್ಪು ಪುಡಿ ಅಂಟುತ್ತಿದ್ದರೆ ಬೇರೆ ಪರೀಕ್ಷೆಯೇ ಬೇಡ.

ಶುಚಿಗೊಳಿಸಲು ನೀರಿನಲ್ಲಿ ಹಿಂಡಿದ ಮೆತ್ತನೆಯ ಬಟ್ಟೆ, ಬೇಕಾದರೆ ಒಂದು ಹನಿ ಸೌಮ್ಯ ಸೋಪು ಸಾಕು. ಒರೆಸಿದ ಮೇಲೆ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ ನೆರಳಿನಲ್ಲಿಡಿ. ಸ್ಯಾನಿಟೈಸರ್ ಮತ್ತೆ ಮತ್ತೆ ಹಚ್ಚಿದರೆ ಪ್ಲಾಸ್ಟಿಕ್ ಪದರ ಒಣಗಿ ಬಿರಿಯುತ್ತದೆ. ಬಟ್ಟೆಯ ಪ್ಯಾಡ್ ಕಳಚಿ ಬರುವಂತಿದ್ದರೆ ಕೈಯಲ್ಲಿ ಒಗೆದು ಪೂರ್ತಿ ಒಣಗಿಸಿ ಹಾಕಿ. ಹೊಸ ಹೆಡ್‌ಫೋನ್ ಕೊಳ್ಳುವಾಗ “ಇದರ ಕುಶನ್ ಬೇರೆ ಸಿಗುತ್ತದೆಯೇ?” ಎಂದು ಮೊದಲು ಕೇಳಿ. ಬದಲಿಸಲಾಗದಂತೆ ಅಂಟಿಸಿದ ಪ್ಯಾಡಿನ ಹೆಡ್‌ಫೋನ್ ಎಷ್ಟು ಅಗ್ಗವಾದರೂ ಕೊಳ್ಳದಿದ್ದರೆ ಅಂಗಡಿಯವರಿಗೂ ತಯಾರಕರಿಗೂ ನಮ್ಮ ಮಾತು ತಲುಪುತ್ತದೆ. ಬದಲಿ ಪ್ಯಾಡಿಗೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ. ಹೊಸ ಹೆಡ್‌ಫೋನಿನ ಖರ್ಚು ಉಳಿಯಿತು, ಒಂದು ಕಸವೂ ಕಡಿಮೆಯಾಯಿತು. ಇರುವ ವಸ್ತುವನ್ನು ಪೋಲು ಮಾಡದೆ ಬಳಸುವುದೂ ನಮ್ಮ ದೀನ್ ಕಲಿಸಿದ ಶಿಸ್ತೇ.

ಪ್ಯಾಡ್ ಬದಲಿಸಿದ ಮೇಲೂ ಮಾತು ಸ್ಪಷ್ಟವಾಗದಿದ್ದರೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದಿದ್ದರೆ, ಟಿ.ವಿ.ಯ ಧ್ವನಿ ಮನೆಯವರಿಗೆ ಹೆಚ್ಚೆನಿಸಿದರೂ ನಿಮಗೆ ಸಾಲದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. 1966ರಿಂದ ಇದೇ ಕೆಲಸಕ್ಕೆ ಮೀಸಲಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ಮಾರ್ಚ್ 3 ವಿಶ್ವ ಶ್ರವಣ ದಿನ. ಆ ದಿನದ ನೆಪದಲ್ಲಿ ನಮ್ಮ ಜಮಾಅತ್‌ಗಳು, ಶಾಲೆಗಳು ಒಂದು ಶ್ರವಣ ತಪಾಸಣಾ ಶಿಬಿರ ಏರ್ಪಡಿಸಿದರೆ ಎಷ್ಟೋ ಮಕ್ಕಳ ತೊಂದರೆ ಬೇಗ ಗೊತ್ತಾಗುತ್ತದೆ.

ಕೊನೆಯದಾಗಿ, ಮದ್ರಸಗಳಿಗೂ ಶಾಲೆಗಳಿಗೂ ಕಂಪ್ಯೂಟರ್, ಹೆಡ್‌ಫೋನ್ ದಾನ ಮಾಡುವ ಉದಾರಿಗಳಲ್ಲಿ ಒಂದು ವಿನಂತಿ. ಇಪ್ಪತ್ತು ಹೆಡ್‌ಫೋನ್ ಕೊಡುವ ಬದಲು ಹದಿನೈದು ಕೊಡಿ. ಉಳಿದ ಹಣಕ್ಕೆ ಅವಕ್ಕೆ ಹೊಂದುವ ಬದಲಿ ಪ್ಯಾಡುಗಳನ್ನೂ, ಪ್ರತಿ ಮಗುವಿಗೆ ಹೆಸರು ಬರೆದ ಒಂದು ಜೊತೆ ಬಟ್ಟೆಯ ಹೊದಿಕೆಯನ್ನೂ ಕೊಡಿ. ಶ್ರವಣವೂ ಒಂದು ಅಮಾನತ್, ಅದರ ಬಗ್ಗೆ ನಾಳೆ ಪ್ರಶ್ನೆಯಿದೆ ಎಂದು ನಂಬುವವರು ನಾವು. ಮಗುವಿನ ಕಿವಿಗೆ ತಾಗುವ ದಿಂಬು ಶುಚಿಯಾಗಿದೆಯೇ, ಸರಿಯಾಗಿ ಕೂರುತ್ತದೆಯೇ ಎಂದು ನೋಡುವುದೂ ಆ ಅಮಾನತ್ ಕಾಯುವ ಕೆಲಸದಲ್ಲೇ ಸೇರಿದೆ.